ಹೊಟ್ಟೆನೋವಿನ ವಂಶವೃಕ್ಷ

ಇಪ್ಪತ್ತಾರು ವರ್ಷಗಳಿಂದ ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಪ್ರತಿ ವರ್ಷ ಹತ್ತನೇ ತರಗತಿಗೆ ಒಂದು ವಾರ ಅನುವಂಶೀಯತೆಯ ಪಾಠ ಇರುತ್ತದೆ. ಬಟಾಣಿ ಗಿಡ, ಎತ್ತರ, ಗಿಡ್ಡ, ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯೇನು. ಆದರೂ ನನ್ನ ತಮ್ಮನ ಮಗಳ ಕಾಯಿಲೆಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನನ್ನ ತರಗತಿಯ ಕೊನೆಯ ಬೆಂಚಿನವರೂ ಮಾಡಲಿಕ್ಕಿಲ್ಲ.

ಅವಳಿಗೆ ಆಗ ಹತ್ತೊಂಬತ್ತು. ನರಿಕೊಂಬಿನಲ್ಲಿ ಮನೆ, ಮೆಲ್ಕಾರಿನಲ್ಲಿ ಕಾಲೇಜು. ತಮ್ಮನಿಗೆ ಬಂಟ್ವಾಳ ಪೇಟೆಯಲ್ಲಿ ಪುಸ್ತಕ, ಪೆನ್ನುಗಳ ಅಂಗಡಿ. ನನಗೆ ಮಕ್ಕಳಿಲ್ಲ. ರಜೆ ಬಂದರೆ ಅವಳು ನನ್ನ ಮನೆಯಲ್ಲೇ ಇರುತ್ತಿದ್ದಳು. ಅಪ್ಪನ ಅಕ್ಕನಿಗೆ ನಮ್ಮಲ್ಲಿ ಮಾಮಿ ಎನ್ನುತ್ತಾರೆ. ದಿನಕ್ಕೆ ನೂರು ಸಲ ಮಾಮಿ, ಮಾಮಿ ಎಂದು ನನ್ನ ತಲೆ ತಿನ್ನುವುದರಲ್ಲಿ ಅವಳಿಗೆ ಎಲ್ಲಿಲ್ಲದ ಖುಷಿ.

ಆ ವರ್ಷ ಅವಳು ಸೊರಗತೊಡಗಿದಳು. ಊಟವಾದ ಕೂಡಲೇ ಹೊಟ್ಟೆಯ ಬಲಗಡೆ ಕೆಳಗೆ ನೋವು, ಸಂಜೆ ಹೊತ್ತಿಗೆ ಸಣ್ಣ ಜ್ವರ, ದಿನಕ್ಕೆ ಐದಾರು ಸಲ ಬಚ್ಚಲಿಗೆ ಓಟ. ಎಲ್ಲರೂ ಒಂದೊಂದು ಹೆಸರಿಟ್ಟರು. ಅವಳ ತಾಯಿಯ ಪ್ರಕಾರ ಮೆಲ್ಕಾರಿನ ಗೋಬಿ ಮಂಚೂರಿ. ತಮ್ಮನ ಪ್ರಕಾರ ಪರೀಕ್ಷೆಯ ಹೆದರಿಕೆ. ಹತ್ತಿರದ ಕ್ಲಿನಿಕ್ಕಿನವರು ಗ್ಯಾಸ್ಟ್ರಿಕ್ ಎಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಬರೆದುಕೊಟ್ಟರು. ಕ್ಲಾಸಿನಲ್ಲಿ ಅವಳು ಬಾಗಿಲ ಪಕ್ಕದ ಸೀಟನ್ನೇ ಹಿಡಿಯುತ್ತಾಳೆಂದು ಗೊತ್ತಾದಾಗ, ಮೊಬೈಲ್ ನೋಡಲಿಕ್ಕೆ ಅನುಕೂಲವಾಗಲಿ ಎಂದಲ್ಲವೇ ಎಂದು ನಾನು ಗದರಿದ್ದೆ. ಆ ಮಾತು ನೆನಪಾದರೆ ಈಗಲೂ ನನ್ನ ನಾಲಗೆಯನ್ನು ಕಚ್ಚಿಕೊಳ್ಳಬೇಕೆನಿಸುತ್ತದೆ.

ಕೊನೆಗೆ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕರುಳಿನ ಡಾಕ್ಟರು ಹುಬ್ಬಳ್ಳಿ ಕಡೆಯವರು, ನಿಧಾನದ ಮನುಷ್ಯ. ಹಿಂದಿನಿಂದ ಕ್ಯಾಮೆರಾದ ಟ್ಯೂಬ್ ಹಾಕಿ ನೋಡಿದರು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಹುಣ್ಣುಗಳಿದ್ದವು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ನಂತರ ವರದಿ ಬಂತು, ಆದರೆ ಉತ್ತರ ಬರಲಿಲ್ಲ.

ಡಾಕ್ಟರು ನಮ್ಮನ್ನು ಕೂರಿಸಿ ವಿವರಿಸಿದರು. ಆ ಜಾಗದಲ್ಲಿ ಹೀಗೆ ಹುಣ್ಣಾಗುವುದು ಹೆಚ್ಚಾಗಿ ಎರಡು ಕಾಯಿಲೆಗಳಲ್ಲಿ. ಒಂದು ಕರುಳಿನ ಟಿ.ಬಿ., ಇನ್ನೊಂದು ಕ್ರೋನ್ಸ್. ಟಿ.ಬಿ. ಹೊರಗಿನಿಂದ ಬಂದ ರೋಗಾಣುವಿನದ್ದು. ಕ್ರೋನ್ಸ್‌ನಲ್ಲಿ ಮೈಯ ಕಾವಲು ಪಡೆಯೇ ದಾರಿ ತಪ್ಪಿ ತನ್ನ ಕರುಳಿನ ಮೇಲೆ ತಿರುಗಿಬೀಳುತ್ತದೆ. ಕ್ಯಾಮೆರಾಕ್ಕೂ ಸೂಕ್ಷ್ಮದರ್ಶಕಕ್ಕೂ ಎರಡೂ ಕೆಲವು ಸಲ ಒಂದೇ ಥರ ಕಾಣುತ್ತವೆ. ಔಷಧ ಮಾತ್ರ ಒಂದಕ್ಕೊಂದು ವಿರುದ್ಧ. ಕ್ರೋನ್ಸ್‌ಗೆ ಕಾವಲು ಪಡೆಯನ್ನು ತಗ್ಗಿಸುವ ಮದ್ದು ಕೊಡಬೇಕು. ಅದೇ ಮದ್ದನ್ನು ಟಿ.ಬಿ. ಇದ್ದವರಿಗೆ ಕೊಟ್ಟರೆ ಟಿ.ಬಿ. ಮೈಯೆಲ್ಲ ಹರಡಬಹುದು. ಹಾಗೆಂದು ಟಿ.ಬಿ. ಮಾತ್ರೆ ನುಂಗುತ್ತಾ ಕೂತರೆ ಕ್ರೋನ್ಸ್ ಒಳಗೇ ಕರುಳನ್ನು ಕಟ್ಟಿಹಾಕಬಹುದು. ಅವಳ ಹೊಟ್ಟೆಯಲ್ಲಿ ಇರುವುದು ಎರಡರಲ್ಲಿ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

ರಕ್ತಸಂಬಂಧದಲ್ಲಿ ಯಾರಿಗಾದರೂ ಟಿ.ಬಿ. ಆಗಿತ್ತೇ, ವರ್ಷಗಟ್ಟಲೆ ಭೇದಿ, ಮಲದಲ್ಲಿ ರಕ್ತ, ಕರುಳಿನ ಆಪರೇಷನ್ ಹೀಗೆ ಏನಾದರೂ ಇತ್ತೇ ಎಂದು ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದರು ಡಾಕ್ಟರು. ಕ್ರೋನ್ಸ್‌ಗೆ ವಂಶದ ಎಳೆ ಇರುತ್ತದಂತೆ. ತಮ್ಮನೂ ಅವನ ಹೆಂಡತಿಯೂ ನನ್ನ ಮುಖ ನೋಡಿದರು. ಕುತೂಹಲದ ಕೆಲಸ ಸಿಕ್ಕಿದರೆ ನನಗೆ ಊಟ ಬೇಡ. ಆಗಲಿ, ನಾನು ವಂಶವೃಕ್ಷವನ್ನೇ ಬರೆದು ತರುತ್ತೇನೆ ಎಂದೆ.

ಇಲ್ಲಿ ನಮ್ಮ ಲೆಕ್ಕ ಹೇಗೆ ಎಂದು ಹೇಳಬೇಕು. ನಮ್ಮಲ್ಲಿ ವಂಶ ತಾಯಿಯಿಂದ ಇಳಿಯುತ್ತದೆ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ತಂದೆ ಅಂದರೆ ಪ್ರೀತಿ, ಸಲಿಗೆ, ಫೀಸು, ಬೈಗುಳ ಎಲ್ಲ ಇದ್ದರೂ ಅವನದ್ದು ಬೇರೆ ಕುಟುಂಬ. ನನ್ನ ಕುಟುಂಬದಲ್ಲಿ ಯಾರಾದರೂ ತೀರಿಕೊಂಡರೆ ನನಗೂ ತಮ್ಮನಿಗೂ ಸೂತಕ. ಅವನ ಮಗಳಿಗೆ ಅದರ ಗೊಡವೆ ಇಲ್ಲ. ಕಾನೂನು ಬದಲಾಗಿ ಆಸ್ತಿ ಪಾಲಿನ ಕ್ರಮವೆಲ್ಲ ಬೇರೆಯಾಗಿದ್ದರೂ ಮನಸ್ಸಿನ ಲೆಕ್ಕ ಹಳೆಯದ್ದೇ. ಹಾಗಾಗಿ ಹುಡುಗಿಯ ವಂಶವೃಕ್ಷ ಎಂದ ಕೂಡಲೇ ನನ್ನ ಕಾಲು ಎರಡನೇ ಯೋಚನೆ ಇಲ್ಲದೆ ಬೆಳ್ತಂಗಡಿಯ ಕಡೆ ನಡೆಯಿತು. ಅವಳ ತಾಯಿಯ ಕುಟುಂಬದ ಮನೆ ಇರುವುದು ಅಲ್ಲಿ.

ಭಾನುವಾರ ತಮ್ಮನ ಹೆಂಡತಿಯ ಜೊತೆ ಹೋದೆ. ಕುಟುಂಬದ ಮನೆಯನ್ನು ಹೊಸದಾಗಿ ರಿಪೇರಿ ಮಾಡಿದಾಗ ಆರು ತಲೆಮಾರುಗಳ ವಂಶವೃಕ್ಷವನ್ನು ದೊಡ್ಡ ಫ್ಲೆಕ್ಸಿನಲ್ಲಿ ಪ್ರಿಂಟ್ ಹಾಕಿಸಿ ಚಾವಡಿಯ ಗೋಡೆಗೆ ತೂಗುಹಾಕಿದ್ದರು. ಹೆಂಗಸರ ಹೆಸರಿನ ಕೆಳಗೆ ಗೆರೆಗಳು ಕೊಂಬೆಯಾಗಿ ಹರಡಿದ್ದವು. ಗಂಡಸರ ಹೆಸರಿನ ಕೆಳಗೆ ಗೆರೆ ಇರಲಿಲ್ಲ. ಅವರ ಮಕ್ಕಳು ಬೇರೆ ಕಡೆಯ ಫ್ಲೆಕ್ಸಿನಲ್ಲಿ ಇರುವವರು. ನಾನು ಅದನ್ನು ಡ್ರಾಯಿಂಗ್ ಹಾಳೆಗೆ ಅಚ್ಚುಕಟ್ಟಾಗಿ ಇಳಿಸಿಕೊಂಡೆ. ಸ್ಕೇಲು, ಬಣ್ಣದ ಪೆನ್ಸಿಲು ಎಲ್ಲ ಶಾಲೆಯಿಂದಲೇ ತಂದಿದ್ದೆ.

ಆಮೇಲೆ ಶುರುವಾಯಿತು ವಿಚಾರಣೆ. ಮನೆಯ ಯಜಮಾನರು ಹುಡುಗಿಯ ಅಜ್ಜಿಯ ಅಣ್ಣ, ಎಂಬತ್ತು ದಾಟಿದವರು. ಯಾರು ಯಾವುದರಲ್ಲಿ ಹೋದರು ಎಂಬುದು ಅವರಿಗೆ ಬಾಯಿಪಾಠ. ಹೆಸರಿಗೆ ಬೆರಳಿಟ್ಟರೆ ಸಾಕು, ಶುಗರ್, ಹಾವು, ಹೆರಿಗೆ, ಶುಗರ್, ಬಸ್ಸು ಎಂದು ಹೇಳುತ್ತಾ ಹೋದರು. ಬದುಕಿದ್ದವರನ್ನು ನಾನೇ ಫೋನಿನಲ್ಲಿ ಮತ್ತು ಮನೆಗೆ ಹೋಗಿ ಕೇಳಿದೆ. ನಮ್ಮ ಜನ ಯಾರ ಮನೆಯ ಅಡುಗೆ ಏನೆಂದು ಧಾರಾಳ ಕೇಳುತ್ತಾರೆ, ಅದು ಹೊರಗೆ ಹೇಗೆ ಹೋಯಿತು ಎಂದು ಕೇಳಿದರೆ ಮುಖ ತಿರುಗಿಸುತ್ತಾರೆ. ಒಬ್ಬರು ಫೋನ್ ಇಟ್ಟರು. ಇನ್ನೊಬ್ಬರು ಮಾತ್ರ ಇಷ್ಟು ವರ್ಷ ಯಾರೂ ಕೇಳಲೇ ಇಲ್ಲ ಎಂಬಂತೆ ಕಾಫಿ ಕೊಟ್ಟು ತಮ್ಮ ಮಲಬದ್ಧತೆಯ ಪೂರ್ತಿ ಚರಿತ್ರೆ ಹೇಳಿದರು. ನಾನು ನಗು ತಡೆದುಕೊಂಡು ಬರೆದುಕೊಂಡೆ.

ಭೇದಿಯ, ರಕ್ತದ ಕಥೆ ಎಲ್ಲಿಯೂ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಯಜಮಾನರ ಸೋದರಮಾವ ಒಬ್ಬರು ಮುಂಬಯಿಯ ಹೋಟೆಲಿನಲ್ಲಿ ದುಡಿದು, ಕೆಮ್ಮುತ್ತಾ ಊರಿಗೆ ಬಂದು ತೀರಿಕೊಂಡಿದ್ದರಂತೆ. ಟಿ.ಬಿ. ನಾನು ಆ ಹೆಸರಿನ ಸುತ್ತ ಕೆಂಪು ಪೆನ್ಸಿಲಿನಲ್ಲಿ ವೃತ್ತ ಎಳೆದೆ. ಏನೋ ದೊಡ್ಡದನ್ನು ಪತ್ತೆ ಮಾಡಿದ ಖುಷಿ ನನಗೆ.

ಹಾಳೆ ನೋಡಿ ಡಾಕ್ಟರು ಮೆಚ್ಚಿದರು. ಇಷ್ಟು ಚಂದ ಮಾಡಿ ಯಾರೂ ತಂದುಕೊಟ್ಟಿಲ್ಲ ಎಂದರು. ಅಷ್ಟು ಹಿಂದಿನ ಟಿ.ಬಿ.ಗೆ ಹೆಚ್ಚು ತೂಕವಿಲ್ಲ, ಆದರೆ ಕ್ರೋನ್ಸ್ ಎನ್ನಲಿಕ್ಕೆ ಮನೆಯಲ್ಲಿ ಸುಳಿವೇ ಇಲ್ಲ, ನಮ್ಮ ದೇಶದಲ್ಲಿ ಮೊದಲು ಟಿ.ಬಿ.ಯನ್ನೇ ಸಂಶಯಪಡಬೇಕು ಎಂದು ಆ ಮಾತ್ರೆಗಳನ್ನು ಬರೆದರು. ಎರಡು ಮೂರು ತಿಂಗಳಲ್ಲಿ ಹುಣ್ಣು ಮಾಯಬೇಕು, ಮತ್ತೆ ಟ್ಯೂಬ್ ಹಾಕಿ ನೋಡುವ ಎಂದು ತೀರ್ಮಾನವಾಯಿತು. ಹಾಳೆ ಅವಳ ಫೈಲಿನೊಳಗೆ ಹೋಯಿತು.

ಆ ಮೂರು ತಿಂಗಳು ಅವಳು ಪಟ್ಟ ಪಾಡು ಹೇಳಲಿಕ್ಕಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿದರೆ ಮಧ್ಯಾಹ್ನದವರೆಗೆ ವಾಕರಿಕೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅದು ಮಾತ್ರೆಯ ಬಣ್ಣ, ಹೆದರಬೇಡ ಎಂದು ನಾನು ಪಾಠ ಮಾಡಿದೆ. ಆದರೆ ಹೊಟ್ಟೆನೋವು ಹೋಗಲಿಲ್ಲ. ತೂಕ ಮೂವತ್ತೊಂಬತ್ತು ಕಿಲೋಗೆ ಇಳಿಯಿತು. ಬಳೆಗಳು ಮೊಣಕೈ ದಾಟಿ ಮೇಲೇರುತ್ತಿದ್ದವು. ಪರೀಕ್ಷೆಗೆ ಕೂರಲಿಲ್ಲ. ಮಾಮಿ ಎನ್ನುವುದನ್ನೂ ಕಡಿಮೆ ಮಾಡಿದಳು, ಮಾತಾಡಲು ಶಕ್ತಿ ಬೇಕಲ್ಲ. ನನಗೆ ಭಯವಾಯಿತು. ನಿಜವಾದ ಭಯ.

ಮೂರನೇ ತಿಂಗಳ ಕೊನೆಗೆ ಮತ್ತೆ ಪರೀಕ್ಷೆ. ಆ ದಿನ ತಮ್ಮನ ಅಂಗಡಿಗೆ ನೆರೆ ನೀರು ಬರುವ ಲಕ್ಷಣ ಇತ್ತು. ಗಂಡ ಹೆಂಡತಿ ಇಬ್ಬರೂ ಕೆಳಗಿನ ಕಪಾಟಿನ ಪುಸ್ತಕಗಳನ್ನು ಅಟ್ಟಕ್ಕೇರಿಸುತ್ತಿದ್ದರು. ಹುಡುಗಿಯ ಜೊತೆ ನಾನೊಬ್ಬಳೇ ಹೋಗಿದ್ದೆ. ಹುಣ್ಣುಗಳು ಮಾಯಲಿಲ್ಲ, ಇನ್ನೂ ಆಳವಾಗಿವೆ ಎಂದರು ಡಾಕ್ಟರು. ಹುಡುಗಿ ಹೊರಗೆ ಮಂಚದ ಮೇಲೆ ಮಂಪರಿನಲ್ಲಿದ್ದಳು. ಡಾಕ್ಟರು ಫೈಲಿನಿಂದ ನನ್ನ ಹಾಳೆಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿ, ಈ ಸಲ ಬಹಳ ಹೊತ್ತು ನೋಡಿದರು. ತಂದೆ ಇದರಲ್ಲಿ ಎಲ್ಲಿದ್ದಾರೆ ಎಂದು ಕೇಳಿದರು.

ಅವನು ಇದರಲ್ಲಿ ಬರುವುದಿಲ್ಲ ಎಂದೆ ನಾನು, ದಡ್ಡ ಹುಡುಗನಿಗೆ ಹೇಳುವ ಹಾಗೆ. ಅವನದ್ದು ನಮ್ಮ ಕುಟುಂಬ, ಇದು ಅವಳದ್ದು. ನಮ್ಮಲ್ಲಿ ತಾಯಿಯ ಕಡೆಯಿಂದ ಲೆಕ್ಕ ಎಂದು ಫ್ಲೆಕ್ಸಿನ ಕ್ರಮವನ್ನು ವಿವರಿಸಿದೆ.

ಡಾಕ್ಟರು ಕನ್ನಡಕ ತೆಗೆದರು. "ಮೇಡಂ, ಇದರಾಗ ಹುಡುಗಿ ಅರ್ಧಾನೇ ಐತಿ," ಎಂದರು. "ಇನ್ನರ್ಧ ಎಲ್ಲಿ ಹೋತು?"

ಬಟಾಣಿ ಗಿಡ, ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ. ವರ್ಷ ವರ್ಷವೂ ಕಪ್ಪು ಹಲಗೆಯ ಮೇಲೆ ನಾನು ಬರೆದದ್ದೇ ಅದು. ಮುಖ ಬಿಸಿಯಾಯಿತು. ಅದು ಒಂದು ಕ್ಷಣದ ನಾಚಿಕೆ. ಅದರ ಹಿಂದೆಯೇ ಇನ್ನೊಂದು ಬಂತು. ಬಿಟ್ಟುಹೋದ ಅರ್ಧದಲ್ಲಿ ಯಾರಿದ್ದಾರೆ ಎಂದು ನನಗೆ ಗೊತ್ತಿತ್ತು. ಅಲ್ಲಿ ನಾನಿದ್ದೆ.

ನನಗೆ ಇಪ್ಪತ್ತೆಂಟನೇ ವಯಸ್ಸಿನಿಂದ ಮೂಲವ್ಯಾಧಿ ಇತ್ತು. ಅಂದರೆ ಅದನ್ನು ಮೂಲವ್ಯಾಧಿ ಎಂದು ಕರೆದುಕೊಂಡು ಬಂದಿದ್ದೆ. ಒಂದೆರಡು ತಿಂಗಳು ರಕ್ತ, ಲೋಳೆ, ಓಡುವಂಥ ಅವಸರ. ಮತ್ತೆ ವರ್ಷಗಟ್ಟಲೆ ಏನೂ ಇಲ್ಲ. ಉಷ್ಣ ಎಂದರು ಹಿರಿಯರು. ಮಜ್ಜಿಗೆ ಕುಡಿದೆ, ಮೆಂತ್ಯ ನೆನೆಸಿ ತಿಂದೆ. ನನ್ನ ತಮ್ಮ ಬೆಳ್ತಂಗಡಿ ಕಡೆಯ ನಾಟಿ ವೈದ್ಯರೊಬ್ಬರಿಂದ ಬೇರಿನ ಪುಡಿ ತಂದುಕೊಡುತ್ತಿದ್ದ. ಯಾವ ಡಾಕ್ಟರಿಗೂ ತೋರಿಸಲಿಲ್ಲ. ಟೀಚರಮ್ಮ ಹೋಗಿ ಅಂಥ ಜಾಗ ತೋರಿಸುವುದುಂಟೇ. ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಹೆಡ್‌ಮಾಸ್ಟರಿಗೆ ಸುಳ್ಳು ಹೇಳಿ, ಸ್ಟಾಫಿನ ಟಾಯ್ಲೆಟ್ಟಿನ ಪಕ್ಕದ ಕೋಣೆಯನ್ನೇ ನನ್ನ ತರಗತಿಗೆ ಕೇಳಿ ಪಡೆದಿದ್ದೆ. ನಾನು ಗದರಿದ ಹುಡುಗಿ ಬಾಗಿಲ ಪಕ್ಕ ಕೂರುತ್ತಿದ್ದುದು ಯಾಕೆಂದು ಇಡೀ ಊರಿನಲ್ಲಿ ನನ್ನೊಬ್ಬಳಿಗೆ ಗೊತ್ತಾಗಬೇಕಿತ್ತು.

ತಂದೆಯ ಕಡೆ ಯಾರಿಗಾದರೂ ಇದ್ದದ್ದು ಗೊತ್ತೇ ಎಂದು ಡಾಕ್ಟರು ಕೇಳಿದರು.

"ಕೇಳಿ ಹೇಳ್ತೇನೆ," ಎಂದೆ.

ಯಾರನ್ನು ಕೇಳುವುದು? ನನ್ನನ್ನೇ ನಾನು ಕೇಳಿ ಹೇಳಬೇಕಿತ್ತು. ಆ ಮಾತು ಬಾಯಿಯಿಂದ ಹೇಗೆ ಬಂತೆಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ. ಎದುರಿಗೆ ಇದ್ದದ್ದು ಇಂಥ ಮಾತನ್ನು ದಿನವಿಡೀ ಕೇಳುವ ಡಾಕ್ಟರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಹೇಳಲಾಗಲಿಲ್ಲ.

ಬಿ.ಸಿ. ರೋಡಿನ ಬಸ್ಸಿನಲ್ಲಿ ಹುಡುಗಿ ನನ್ನ ಹೆಗಲಿಗೆ ತಲೆ ಇಟ್ಟು ಮಲಗಿದಳು. ಚಿಕ್ಕವಳಿದ್ದಾಗ ಹೀಗೆ ಮಲಗಿದರೆ ಹೆಗಲು ಜೋಮು ಹಿಡಿಯುತ್ತಿತ್ತು. ಈಗ ಭಾರವೇ ಇರಲಿಲ್ಲ. ಅವಳನ್ನು ಮನೆ ಸೇರಿಸಿ ನಾನು ಮೂಡುಬಿದಿರೆಗೆ ಬಂದೆ. ಮರುದಿನ ಬೆಳಿಗ್ಗೆ ರಜೆ ಹಾಕಿ, ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಮಂಗಳೂರಿಗೆ ಹೋಗಿ ಡಾಕ್ಟರ ಬಾಗಿಲಲ್ಲಿ ನಿಂತೆ.

ಕೇಳಿ ಬಂದಿರಾ ಎಂದರು ಅವರು. ಬಂದೆ, ನನ್ನನ್ನು ಪರೀಕ್ಷೆ ಮಾಡಿ ಎಂದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎನಿಸಿತು.

ಹೊಟ್ಟೆ ಖಾಲಿ ಮಾಡುವ ಆ ಉಪ್ಪುಪ್ಪು ನೀರನ್ನು ಜಗ್ಗುಗಟ್ಟಲೆ ಕುಡಿಯುವಾಗ ಹುಡುಗಿ ಎರಡು ಸಲ ಇದನ್ನು ಕುಡಿದಿದ್ದಾಳಲ್ಲ ಎಂದುಕೊಂಡೆ. ಟ್ಯೂಬ್ ಹಾಕಿದಾಗ ನಾನು ಎಚ್ಚರವಾಗಿಯೇ ಇರುತ್ತೇನೆ, ಪರದೆ ತೋರಿಸಿ ಎಂದು ಹಟ ಮಾಡಿದೆ. ಭಯಕ್ಕಿಂತ ಕುತೂಹಲ ದೊಡ್ಡದಾಗಿತ್ತು. ಪಾಠದ ಚಿತ್ರದಲ್ಲಿ ತಿಳಿಗುಲಾಬಿ ಬಣ್ಣದಲ್ಲಿ ನೀಟಾಗಿರುವ ಕರುಳು ನನ್ನೊಳಗೆ ಕೆಲವು ಕಡೆ ಕೆಂಪಾಗಿ ಕಂದಿತ್ತು, ಕೆಲವು ಕಡೆ ಹಳೆಯ ಗಾಯ ಮಾಗಿ ಬಿಳಿ ಗೆರೆಗಳಾಗಿತ್ತು. ಮೂಲವ್ಯಾಧಿ ಎಲ್ಲಿಯೂ ಇರಲಿಲ್ಲ. ದೊಡ್ಡ ಕರುಳಿನ ಉರಿಯೂತ, ಕ್ರೋನ್ಸ್‌ನ ಹತ್ತಿರದ ಸಂಬಂಧಿ ಎಂದರು ಡಾಕ್ಟರು. ಇಷ್ಟು ವರ್ಷ ಅದು ನನ್ನನ್ನು ಹೆಚ್ಚು ಕಾಡದೆ ಬಿಟ್ಟದ್ದು ನನ್ನ ಪುಣ್ಯ.

ನಿಮಗೆ ಇದೆ ಎಂದ ಮಾತ್ರಕ್ಕೆ ಅವಳದ್ದು ಅದೇ ಎಂದು ಹೇಳಲಾಗದು, ಆದರೆ ತಕ್ಕಡಿಗೆ ಒಂದು ತೂಕ ಬಿದ್ದ ಹಾಗಾಯಿತು ಎಂದರು. ಮಾಯದ ಹುಣ್ಣು ಒಂದು ತೂಕ, ಎರಡನೇ ಸಲ ತೆಗೆದ ಚೂರಿನ ವರದಿ ಒಂದು ತೂಕ, ನಾನು ಒಂದು ತೂಕ. ತಕ್ಕಡಿ ವಾಲಿತು. ಟಿ.ಬಿ. ಮಾತ್ರೆ ನಿಂತಿತು, ಬೇರೆ ಮದ್ದು ಶುರುವಾಯಿತು.

ಮದ್ದು ಬದಲಾದ ಆ ದಿನ ಎಲ್ಲರೂ ಹೋಗಿದ್ದೆವು. ನನ್ನ ವಿಷಯವನ್ನು ಅಷ್ಟರಲ್ಲಿ ಮನೆಯವರಿಗೆ ಹೇಳಿದ್ದೆ. ನನಗೆ ಬಂದದ್ದು ಅವಳಿಗೆ ಹೇಗೆ ಹೋಯಿತು, ನಡುವೆ ನಿಂತ ತಮ್ಮನಿಗೆ ಒಂದು ದಿನವೂ ಹೊಟ್ಟೆನೋವಿಲ್ಲವಲ್ಲ ಎಂದು ನಾನು ಬಿಡದೆ ಕೇಳಿದೆ. ಡಾಕ್ಟರು ತಾಳ್ಮೆಯಿಂದ ಹೇಳಿದರು. ಇದು ಬಟಾಣಿ ಗಿಡದ ಲೆಕ್ಕ ಅಲ್ಲ, ಒಂದು ಜೀನ್ ಇದ್ದರೆ ಕಾಯಿಲೆ, ಇಲ್ಲದಿದ್ದರೆ ಇಲ್ಲ ಎನ್ನುವ ಹಾಗಿಲ್ಲ. ನೂರಾರು ಜಾಗಗಳಲ್ಲಿ ಒಂದೊಂದು ಅಕ್ಷರದ ವ್ಯತ್ಯಾಸ, ಒಂದೊಂದೂ ಬಹಳ ಸಣ್ಣದು. ಕೆಲವು ಕರುಳಿನ ಗೋಡೆಯದ್ದು, ಕೆಲವು ಕಾವಲು ಪಡೆ ರೋಗಾಣುವನ್ನು ಗುರುತಿಸುವ ಕ್ರಮದ್ದು. ಪರದೇಶದ ರೋಗಿಗಳಲ್ಲಿ ಹೆಚ್ಚು ಕಾಣುವ ಕೆಲವು ವ್ಯತ್ಯಾಸಗಳು ನಮ್ಮವರಲ್ಲಿ ಅಷ್ಟಾಗಿ ಕಾಣುವುದೇ ಇಲ್ಲ, ನಮ್ಮವರ ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ. ಜೀನುಗಳ ಜೊತೆ ತಿನ್ನುವುದು, ಕರುಳಿನಲ್ಲಿ ಬೀಡುಬಿಟ್ಟ ಸೂಕ್ಷ್ಮಜೀವಿಗಳು, ನಮಗಿನ್ನೂ ಗೊತ್ತಿಲ್ಲದ ಏನೇನೋ ಸೇರಬೇಕು. ಅದಕ್ಕೇ ಒಂದೇ ಮನೆಯಲ್ಲಿ ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ.

"ಬಂಟ್ವಾಳದ ನೆರೆಯ ಹಾಗೆ," ಎಂದಳು ಹುಡುಗಿ. "ಒಂದು ತೋಡು ತುಂಬಿದ್ರೆ ಅಪ್ಪನ ಅಂಗಡಿಗೆ ನೀರು ಬರುವುದಿಲ್ಲ. ಎಲ್ಲ ತೋಡೂ ತುಂಬಬೇಕು, ಘಟ್ಟದಲ್ಲೂ ಮಳೆ ಬರ್ಬೇಕು."

ಡಾಕ್ಟರು ನಕ್ಕು, ಇನ್ನು ಮುಂದೆ ಇದನ್ನೇ ಹೇಳುತ್ತೇನೆ ಎಂದರು. ನಾನು ಕೂಡ ಈಗ ಶಾಲೆಯಲ್ಲಿ ಅದನ್ನೇ ಹೇಳುತ್ತೇನೆ.

ಕಾರಿಡಾರಿಗೆ ಬಂದ ಮೇಲೆ ತಮ್ಮನ ಹೆಂಡತಿ ನೆಲ ನೋಡುತ್ತಾ ಹೇಳಿದಳು. "ಹಾಗಾದ್ರೆ ಇದು ನಿಮ್ಮ ಕಡೆಯದ್ದು, ಅಕ್ಕ."

ಅವಳ ಮೇಲೆ ನನಗೆ ಸಿಟ್ಟು ಬಂತು. ಬೆಳ್ತಂಗಡಿಯ ಅಷ್ಟು ಜನರನ್ನು ನಾನು ಕೆದಕಿ ಕೇಳಿದ್ದನ್ನು ಅವಳು ಬಾಯಿ ಮುಚ್ಚಿ ಸಹಿಸಿದ್ದಳು ಎಂಬುದು ನೆನಪಾಗಿ ಸಿಟ್ಟು ಇಳಿಯಿತು. ಹೌದು, ನಮ್ಮ ಕಡೆಯದ್ದು ಎಂದೆ. ನನ್ನ ಮೂಲವ್ಯಾಧಿಗೆ ವರ್ಷಗಟ್ಟಲೆ ಪುಡಿ ತಂದುಕೊಟ್ಟ ತಮ್ಮ ನಮ್ಮಿಬ್ಬರ ಚೀಲವನ್ನೂ ತಾನೇ ಹಿಡಿದುಕೊಂಡು ಮುಂದೆ ನಡೆದ.

ಮನೆಗೆ ಬಂದು ನಾನು ಹೊಸ ಹಾಳೆ ತೆಗೆದೆ. ನಮ್ಮ ಕುಟುಂಬದ ವಂಶವೃಕ್ಷದಲ್ಲಿ ತಮ್ಮನ ಹೆಸರಿನ ಕೆಳಗೆ ಗೆರೆ ಇಲ್ಲ, ಅವನು ಗಂಡಸು. ನನ್ನ ಹೆಸರಿನ ಕೆಳಗೂ ಇಲ್ಲ, ನನಗೆ ಮಕ್ಕಳಿಲ್ಲ. ನಮ್ಮ ಕವಲು ನನ್ನಲ್ಲಿಗೆ ಮುಗಿಯಿತು ಎಂದು ಹಿರಿಯರು ನನ್ನ ಎದುರೇ ಎಷ್ಟೋ ಸಲ ಹೇಳಿದ್ದಾರೆ, ನಾನೂ ತಲೆಯಾಡಿಸಿದ್ದೇನೆ. ಈ ಸಲ ಡಾಕ್ಟರ ಕ್ರಮದಲ್ಲಿ ತಮ್ಮನಿಂದ ಕೆಳಗೆ ಗೆರೆ ಎಳೆದು ಹುಡುಗಿಯ ಹೆಸರು ಬರೆದೆ. ನನ್ನ ಲೆಕ್ಕ ಸರಿಯಿದ್ದರೆ ಅವಳ ನಾಲ್ಕರಲ್ಲಿ ಒಂದು ಪಾಲು ನನ್ನದೇ ಅಚ್ಚು. ಕೊಟ್ಟದ್ದು ಕಾಯಿಲೆಯ ಎಳೆಯೇ ಆಗಿರಬಹುದು, ಆದರೂ ಆ ಗೆರೆ ನೋಡಿ ನನಗೆ ಸಂತೋಷವಾಯಿತು. ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು.

ಹೊಸ ಮದ್ದು ನಿಧಾನವಾಗಿ ಹಿಡಿಯಿತು. ಮೊದಲು ಜ್ವರ ಹೋಯಿತು, ಆಮೇಲೆ ನೋವು. ಗಂಜಿಯಿಂದ ಅನ್ನಕ್ಕೆ, ಅನ್ನದಿಂದ ಮೀನು ಸಾರಿಗೆ ಬಂದಳು. ಬಳೆಗಳು ಮಣಿಕಟ್ಟಿಗೆ ಇಳಿದವು. ಬಿಟ್ಟ ಪರೀಕ್ಷೆಗೆ ಕೂತಳು. ಇದು ಪೂರ್ತಿ ಹೋಗುವ ಕಾಯಿಲೆ ಅಲ್ಲ, ಮದ್ದು ಬಿಡುವ ಹಾಗಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ನಮ್ಮಿಬ್ಬರ ತಪಾಸಣೆಯೂ ಈಗ ಒಂದೇ ದಿನ. ಮಂಗಳೂರಿಗೆ ಒಟ್ಟಿಗೆ ಹೋಗುತ್ತೇವೆ, ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟಿಗೆ ಜಗಳವಾಡುತ್ತೇವೆ.

ಮೊನ್ನೆ ಹೋದಾಗ ಹೊಸದಾಗಿ ಬಂದ ಚಿಕ್ಕ ಪ್ರಾಯದ ಡಾಕ್ಟರು ಅವಳ ಫೈಲು ತೆರೆದು ಮೊದಲಿನಿಂದ ಎಲ್ಲ ಕೇಳಿ ಬರೆದುಕೊಳ್ಳುತ್ತಿದ್ದರು. ರಕ್ತಸಂಬಂಧದಲ್ಲಿ ಯಾರಿಗಾದರೂ ಈ ಕಾಯಿಲೆ ಉಂಟೇ ಎಂಬ ಪ್ರಶ್ನೆ ಬಂತು. ಕೋಣೆಯಲ್ಲಿ ಇನ್ನೂ ನಾಲ್ಕು ಜನ ರೋಗಿಗಳು ಕೂತಿದ್ದರು. ಅವರಲ್ಲೊಬ್ಬರು ನನ್ನ ಹಳೆಯ ವಿದ್ಯಾರ್ಥಿನಿಯ ತಾಯಿ, ಒಳಗೆ ಬಂದ ಕೂಡಲೇ ಟೀಚರ್ ಎಂದು ಮಾತಾಡಿಸಿದ್ದರು. ಹುಡುಗಿ ನನ್ನ ಕಡೆ ನೋಡಿದಳು. ಹೇಳುವುದೋ ಬೇಡವೋ ಎಂದು ಅವಳು ನನ್ನ ಅಪ್ಪಣೆ ಕೇಳುತ್ತಿದ್ದಳು.

"ಉಂಟು, ಬರೆದುಕೊಳ್ಳಿ," ಎಂದೆ ನಾನು, ತರಗತಿಯ ಕೊನೆಯ ಬೆಂಚಿಗೂ ಕೇಳುವ ಸ್ವರದಲ್ಲಿ. "ಇವಳ ಮಾಮಿಗೆ. ನನಗೆ."